ವಿಮಲ ಚಿಕ್ಕಮ್ಮನ ದಪ್ಪ ಪೆನ್ನುಗಳು

ಪೆನ್ನು ಕೊಳ್ಳಲು ಹೊರಟರೆ ವಿಮಲ ಚಿಕ್ಕಮ್ಮ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಕೈಗವಸು ಇಟ್ಟುಕೊಳ್ಳುತ್ತಿದ್ದಳು. ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸಲು ಬಳಸುತ್ತಿದ್ದ, ಒಳಗೆ ಹತ್ತಿ ತುಂಬಿ ಹೊಲಿದ ದಪ್ಪ ಗವಸು ಅದು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಸಿಗುವ ಸ್ಟೇಷನರಿ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು, ಎಲ್ಲರೂ ನೋಡುತ್ತಿರುವಾಗಲೇ ಅದನ್ನು ಬಲಗೈಗೆ ಏರಿಸಿ, "ಕಾಕಾ, ಜಾಡ ಪೆನ್ ದಾಖವಾ, ಏಕದಮ್ ಜಾಡ" ಎಂದು ಅಂಗಡಿಯಲ್ಲಿದ್ದ ದಪ್ಪ ಪೆನ್ನುಗಳನ್ನೆಲ್ಲ ಹೊರಗೆ ತೆಗೆಸುತ್ತಿದ್ದಳು. ಗವಸಿನ ಕೈಯಲ್ಲೇ ಪೆನ್ನನ್ನು ಗಾಜಿನ ಮೇಲಿಂದ ಎತ್ತಬೇಕು, ಕೆಳಗೆ ಬೀಳಿಸದೆ ಹೆಸರು ಬರೆಯಬೇಕು. ಬರೆಯಲಾಗದ್ದನ್ನು ಹುಳುಕು ಬದನೆಕಾಯಿಯ ಹಾಗೆ ಪಕ್ಕಕ್ಕೆ ನೂಕುತ್ತಿದ್ದಳು. ಒಮ್ಮೆ ಅಂಗಡಿಯವರು ತಾಳ್ಮೆಗೆಟ್ಟು, ಈ ಪೆನ್ನು ಬರೆಯಲಿಕ್ಕೋ ಇಡ್ಲಿ ಬೇಯಿಸಲಿಕ್ಕೋ ಎಂದು ಮರಾಠಿಯಲ್ಲಿ ಕೇಳಿದರು. ಚಿಕ್ಕಮ್ಮ ತಲೆ ಎತ್ತದೆ, "ನಿಮ್ಮ ಬಾಯಿ ಮುಚ್ಚಲಿಕ್ಕೆ. ಇದಕ್ಕಿಂತ ದಪ್ಪದ್ದು ಬೇಕಾಗ್ತದೆ" ಎಂದು ಅದೇ ಮರಾಠಿಯಲ್ಲಿ ಉತ್ತರಿಸಿದಳು.

ಪೆನ್ನು ಅವಳಿಗಲ್ಲ, ಆನೆಗೆ, ಕರಡಿಗೆ, ಮೊಲಕ್ಕೆ. ಠಾಣೆಯ ಆಚೆಗಿನ ಥೀಮ್ ಪಾರ್ಕಿನಲ್ಲಿ ಪ್ರಾಣಿಗಳ ವೇಷ ತೊಟ್ಟು ಓಡಾಡುವವರಿರುತ್ತಾರಲ್ಲ, ಮಕ್ಕಳ ಕೈ ಕುಲುಕುತ್ತಾ, ಫೋಟೋಕ್ಕೆ ನಿಲ್ಲುತ್ತಾ, ಅವರ ಸಹಿ ಸಂಗ್ರಹಿಸುವುದು ನನ್ನ ಚಿಕ್ಕಮ್ಮನ ಹುಚ್ಚು. ಬೇರೆಯವರು ತಮ್ಮ ಮಕ್ಕಳಿಗಾಗಿ ಸಹಿ ಕೇಳುತ್ತಿದ್ದರು. ಮದುವೆಯಾಗದ, ಮಕ್ಕಳಿಲ್ಲದ ಇವಳು ಮೂವತ್ತು ದಾಟಿದ ಮೇಲೂ ಮಕ್ಕಳ ಸಾಲಿನಲ್ಲಿ ಸೀರೆ ಸೆಕ್ಕಿಕೊಂಡು ನಿಂತು ತನಗಾಗಿಯೇ ಕೇಳುತ್ತಿದ್ದಳು.

ಅವಳು ನನ್ನ ಅಮ್ಮನ ತಂಗಿ. ಉಡುಪಿಯ ಹತ್ತಿರದ ಊರಿನಿಂದ ಬಿಕಾಂ ಮುಗಿಸಿ ನಮ್ಮ ಡೊಂಬಿವಲಿ ಮನೆಗೆ ಬಂದವಳು ಶಹಾಡ್‌ನ ಒಂದು ಬಣ್ಣದ ಕಾರ್ಖಾನೆಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದಳು. ಹೈಸ್ಕೂಲಿನಲ್ಲಿರುವಾಗ ತುಟಿಯ ಅಂಚಿನಲ್ಲಿ ಕಾಣಿಸಿಕೊಂಡ ಬಿಳಿ ಮಚ್ಚೆ ನಾನು ನೋಡುವ ಹೊತ್ತಿಗೆ ಕತ್ತಿಗೂ ಬೆರಳುಗಳಿಗೂ ಹಬ್ಬಿತ್ತು. ಅದು ಅಂಟುವ ರೋಗವಲ್ಲ ಎಂದು ತೋರಿಸಿದ ಡಾಕ್ಟರರೆಲ್ಲ ಹೇಳಿದ್ದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಆದರೂ ಅವಳ ಸ್ಟೀಲು ಲೋಟ ಬೇರೆ ಇತ್ತು, ಅಡಿಯಲ್ಲಿ ಗೀರು ಹಾಕಿ ಗುರುತು ಮಾಡಿದ್ದು. ಗೀರು ಹಾಕಿದವರು ನನ್ನ ಅಪ್ಪ.

ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಚಿಕ್ಕಮ್ಮನ ಪಕ್ಕದ ಸೀಟಿಗೆ ಯಾರೂ ಮುಗಿಬೀಳುತ್ತಿರಲಿಲ್ಲ. ಅವಳು ಕಾಲು ಚಾಚಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಹೇಳುತ್ತಿದ್ದಳು: "ಕೂತ್ಕೋ ಪುಟ್ಟಿ. ನಿನ್ನ ಚಿಕ್ಕಮ್ಮ ಸೆಕೆಂಡ್ ಕ್ಲಾಸ್ ಪಾಸಲ್ಲಿ ಫಸ್ಟ್ ಕ್ಲಾಸಲ್ಲಿ ಹೋಗುವವಳು."

ಪಾರ್ಕಿಗೆ ಮೊದಲ ಸಲ ಅವಳ ಜೊತೆ ಹೋದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಬಾಗಿಲ ಹತ್ತಿರವೇ ಒಂದು ಬೂದು ಆನೆ ನಿಂತಿತ್ತು. ಅದು ಚಿಕ್ಕಮ್ಮನನ್ನು ಕಂಡದ್ದೇ ಅವಳ ಎರಡೂ ಕೈ ಹಿಡಿದುಕೊಂಡು ಕುಣಿಯತೊಡಗಿತು. ನನ್ನ ಚಿಕ್ಕಮ್ಮನ ಕೈ ಹಿಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಬ್ಬದಲ್ಲಿ ಕುಂಕುಮ ಕೊಡುವವರು ಕೂಡ ಅವಳಿಗೆ ತಟ್ಟೆಯನ್ನು ಮುಂದೆ ನೂಕುತ್ತಿದ್ದರು. ಅವಳು ಆನೆಯ ಜೊತೆ ಹೆಜ್ಜೆ ಹಾಕಿದಳು. ಸೆರಗು ಜಾರಿತು, ಜಡೆ ಬಿಚ್ಚಿತು. ಆಮೇಲೆ ಬೆಂಚಿನಲ್ಲಿ ಕೂತು ಏದುಸಿರು ಬಿಡುತ್ತಾ ನನಗೆ ಹೇಳಿದಳು, "ಅದರ ಮುಖ ಹೊಲಿದದ್ದು ಅಲ್ವಾ ಪುಟ್ಟಿ. ನನ್ನನ್ನು ನೋಡಿ ಬದಲಾಗುದಿಲ್ಲ. ಅಂಥ ಮುಖ ಈ ಊರಲ್ಲಿ ಬೇರೆ ಯಾರದ್ದುಂಟು ಹೇಳು?"

ಆ ದಿನ ಸಹಿ ಹಾಕಿಸಿಕೊಳ್ಳಲು ಅವಳ ಹತ್ತಿರ ಇದ್ದದ್ದು ಆಫೀಸಿನ ಸಣ್ಣ ರೀಫಿಲ್ ಪೆನ್ನು. ಆನೆಯ ಬೆರಳುಗಳು ಒಂದೊಂದೂ ಸೋರೆಕಾಯಿಯಷ್ಟಿದ್ದವು. ಪೆನ್ನು ಜಾರಿ ಜಾರಿ ಬಿತ್ತು, ಆನೆ ಬಗ್ಗಿ ಹೆಕ್ಕಲಾರದೆ ತಡಕಾಡಿತು, ಸುತ್ತ ಇದ್ದವರು ನಕ್ಕರು. ಚಿಕ್ಕಮ್ಮನಿಗೆ ಅದು ಮನಸ್ಸಿಗೆ ನಾಟಿತು. ಅಂದಿನಿಂದ ಅವಳ ಪೆನ್ನಿನ ಶೋಧ ಶುರುವಾಯಿತು. ಒತ್ತಿ ತೆರೆಯುವ ಪೆನ್ನು ಆಗದು, ಗವಸಿನ ಹೆಬ್ಬೆರಳಿಗೆ ಗುಂಡಿ ಸಿಗುವುದಿಲ್ಲ. ನುಣುಪು ಮೈಯದ್ದು ಜಾರುತ್ತದೆ. ನೀರಿನಾಟದ ಪಾರ್ಕಿನಲ್ಲಿ ಎಲ್ಲರ ಕೈಯೂ ಒದ್ದೆ, ಜೆಲ್ ಪೆನ್ನಿನ ಸಹಿ ಮನೆಗೆ ಬರುವಷ್ಟರಲ್ಲಿ ಮೋಡವಾಗಿರುತ್ತದೆ. ಒಂದು ಸಲ ಇಂಕ್ ಪೆನ್ನು ಒಯ್ದು ಪೇಚಿಗೆ ಸಿಕ್ಕಿದಳು. ಅದು ಕಕ್ಕಿ, ಬಿಳಿ ಮೊಲದ ಕೈಯೆಲ್ಲ ನೀಲಿಯಾಯಿತು. ಮೊಲ ತನ್ನ ಕೈಯನ್ನೇ ನೋಡುತ್ತಾ ನಿಂತುಬಿಟ್ಟಿತು. ಚಿಕ್ಕಮ್ಮ ಅದರ ಕಿವಿಯ ಹತ್ತಿರ ಬಗ್ಗಿ, ಅದಕ್ಕೆ ಅರ್ಥವಾಗದ ಕನ್ನಡದಲ್ಲಿ, "ನಂಗೆ ಕಪ್ಪಿನ ಮೇಲೆ ಬಿಳಿ, ನಿಂಗೆ ಬಿಳಿಯ ಮೇಲೆ ನೀಲಿ. ನಡಿ, ಇಬ್ಬರೂ ಒಟ್ಟಿಗೆ ಡಾಕ್ಟರಿಗೆ ತೋರಿಸುವ" ಎಂದಳು. ಕೊನೆಗೆ ಅವಳು ಆರಿಸಿದ್ದು ದಪ್ಪ ಮಾರ್ಕರ್ ಪೆನ್ನುಗಳನ್ನು. ಮೈಗೆ ತಾನೇ ರಬ್ಬರ್ ಸುತ್ತುತ್ತಿದ್ದಳು. ಶಾಯಿ ಮಾತ್ರ ಪರ್ಮನೆಂಟ್ ಆಗಿರಲೇಬೇಕು. ಬರೆದ ಮೇಲೆ ಒದ್ದೆ ಬೆರಳಿನಲ್ಲಿ ಉಜ್ಜಿ ನೋಡಿ, ಅಳಿಸದಿದ್ದರೆ ಮಾತ್ರ ಕೊಳ್ಳುತ್ತಿದ್ದಳು.

ಇಷ್ಟು ಕೇಳಿ ಅವಳು ಸಾಧು ಹೆಂಗಸು ಎಂದುಕೊಳ್ಳಬೇಡಿ. ಚಿಕ್ಕಮ್ಮನ ನಾಲಿಗೆಗೆ ಕನಿಕರ ಇರಲಿಲ್ಲ. ಇನ್ನೊಂದು ಸಲ ಆನೆಯ ಸಾಲಿನಲ್ಲಿ ನಮ್ಮ ಹಿಂದೆ ಒಬ್ಬ ಹೆಂಗಸು ಪುಟ್ಟ ಮಗಳನ್ನು ಹಿಡಿದುಕೊಂಡು ನಿಂತಿದ್ದಳು. ಪೆನ್ನು ಮರೆತು ಬಂದಿದ್ದರು. ಮಗು ಕೇಳಿತು, ತನ್ನ ಸಹಿ ಮುಗಿದದ್ದೇ ಚಿಕ್ಕಮ್ಮ ಕೊಟ್ಟಳು. ಅದರ ತಾಯಿ ಮಗುವಿನ ಕೈಯಿಂದ ಪೆನ್ನು ತೆಗೆದುಕೊಂಡು ಕರ್ಚೀಫಿನಿಂದ ಒರೆಸಿದಳು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಚಿಕ್ಕಮ್ಮ ಅದನ್ನು ಪೂರ್ತಿ ನೋಡಿದಳು. ಆಮೇಲೆ ಹಿಂದಿಯಲ್ಲಿ, "ಅಚ್ಛೇ ಸೇ ಪೋಂಛೋ. ಮೇರೇ ಬಾದ್ ಹಾಥೀ ನೇ ಭೀ ಪಕಡಾ ಥಾ. ಅಬ್ ಜಾಕೇ ಹಾಥೀ ಕೋ ಭೀ ಪೋಂಛೋ" ಎಂದಳು. ಚೆನ್ನಾಗಿ ಒರೆಸು, ನನ್ನ ನಂತರ ಆನೆಯೂ ಅದನ್ನು ಹಿಡಿದಿತ್ತು, ಈಗ ಹೋಗಿ ಆನೆಯನ್ನೂ ಒರೆಸು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ತಾಯಿಯ ಮುಖ ಕೆಂಪಗಾಯಿತು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಮಗುವಿನ ಸರದಿ ಬಂದು, ಅದು ಪುಸ್ತಕ ತೆರೆದು ಆನೆಯ ಮುಂದೆ ಹಿಡಿದಾಗ ಚಿಕ್ಕಮ್ಮ ಕೈ ಚಾಚಿ ಆನೆಯ ಬೆರಳುಗಳಿಂದಲೇ ಪೆನ್ನನ್ನು ಬಿಡಿಸಿಕೊಂಡು ಬ್ಯಾಗಿಗೆ ಹಾಕಿಕೊಂಡಳು. ಮಗುವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಚೀರಿಕೊಂಡು ಅತ್ತಿತು. ನಾನು ಚಿಕ್ಕಮ್ಮನ ಸೆರಗು ಎಳೆದು, "ಕೊಡು ಚಿಕ್ಕಮ್ಮ, ಪಾಪ" ಎಂದೆ.

"ಅಳ್ಲಿ. ಇವತ್ತು ಅತ್ತದ್ದು ಅದಕ್ಕೆ ನೆನಪಿರ್ತದೆ. ದೊಡ್ಡದಾದ ಮೇಲೆ ಯಾರ ಪೆನ್ನನ್ನೂ ಒರೆಸುದಿಲ್ಲ" ಎಂದು ಹೇಳಿ ಅವಳು ಮುಂದೆ ನಡೆದಳು.

ಅಪ್ಪನದು ಬೇರೆ ತರಹದ ಕ್ರೌರ್ಯ. ಅವರದ್ದು ನಗಿಸುವ ಸ್ವಭಾವ. ಹೋಟೆಲಿನ ಗಲ್ಲಾದಲ್ಲಿ ಕೂತರೆ ಬಂದವರಿಗೆಲ್ಲ ಒಂದೊಂದು ಅಡ್ಡಹೆಸರು. ಕುಂಟುವವನಿಗೆ ರಾಜಧಾನಿ ಎಕ್ಸ್‌ಪ್ರೆಸ್, ತೊದಲುವವನಿಗೆ ಆಕಾಶವಾಣಿ. ಹೆಸರಿಡಿಸಿಕೊಂಡವನಿಗೇ ಒಂದು ಹೆಚ್ಚಿನ ವಡೆ ಹಾಕಿಸುತ್ತಿದ್ದರು, ಅವನೂ ನಗುತ್ತಲೇ ತಿನ್ನುತ್ತಿದ್ದ. ನಮ್ಮ ಬಿಲ್ಡಿಂಗಿನ ಇಡೀ ಸೊಸೈಟಿಗೆ ನನ್ನ ಅಪ್ಪ ಬೇಕಾದವರು. ಚಿಕ್ಕಮ್ಮನನ್ನು ಅವರು ಕರೆಯುತ್ತಿದ್ದದ್ದು "ನಮ್ಮ ಮನೆಯ ಮ್ಯಾಪು" ಎಂದು. ಅವಳೂ ಬಿಡುತ್ತಿರಲಿಲ್ಲ. "ಮ್ಯಾಪಿಗೆ ದೇಶ ಉಂಟು ಭಾವ. ನಿಮ್ಮ ಹೊಟ್ಟೆಗೆ ಗಡಿಯೇ ಇಲ್ಲ" ಎನ್ನುತ್ತಿದ್ದಳು. ಇಬ್ಬರ ಈ ಜಗಳ ನಮಗೆ ಮನರಂಜನೆಯಾಗಿತ್ತು. ಅದು ಎಲ್ಲಿಯವರೆಗೆ ಹೋಗಬಹುದು ಎಂದು ಅಮ್ಮನಿಗೂ ತಿಳಿದಿರಲಿಲ್ಲ.

ನನ್ನ ತಮ್ಮ ಪ್ರಸಾದನ ಹುಟ್ಟುಹಬ್ಬ. ನಾನಾಗ ಹತ್ತನೇ ಕ್ಲಾಸು. ಸೊಸೈಟಿಯ ಹಾಲಿನಲ್ಲಿ ಬಲೂನು, ಕೇಕು, ಊರಿನ ಕಡೆಯ ಎಲ್ಲ ಸಂಸಾರಗಳು. ಕೇಕು ಕತ್ತರಿಸುವ ಮೊದಲು ಬಾಗಿಲಿನಿಂದ ಒಂದು ಕಂದು ಕರಡಿ ಕುಣಿಯುತ್ತಾ ಬಂತು. ಅಪ್ಪ ಬಾಡಿಗೆಗೆ ತರಿಸಿದ್ದಾರೆ ಎಂದು ಎಲ್ಲರೂ ಮಾತಾಡಿಕೊಂಡರು. ಮಕ್ಕಳು ಮುತ್ತಿಕೊಂಡವು. ಕರಡಿ ಮಕ್ಕಳನ್ನು ಸರಿಸಿಕೊಂಡು ನೇರ ಗೋಡೆಯ ಪಕ್ಕ ನಿಂತಿದ್ದ ಚಿಕ್ಕಮ್ಮನ ಹತ್ತಿರ ಬಂದು ಅವಳನ್ನು ತಬ್ಬಿಕೊಂಡಿತು.

ಚಿಕ್ಕಮ್ಮ ಅಷ್ಟು ನಗುವುದನ್ನು ನಾನು ಮತ್ತೆ ಯಾವತ್ತೂ ಕಾಣಲಿಲ್ಲ. ಅವಳು ಕರಡಿಯ ಹೊಟ್ಟೆಗೆ ಮುಖವಿಟ್ಟು ನಿಂತಳು. ಆಮೇಲೆ ಬ್ಯಾಗಿನಿಂದ ಪುಸ್ತಕ ತೆಗೆದು, ಇದ್ದ ಪೆನ್ನುಗಳಲ್ಲಿ ಒಳ್ಳೆಯದನ್ನೇ ಹುಡುಕಿ, ಮುಚ್ಚಳ ತಾನೇ ತೆರೆದು ಕರಡಿಯ ಕೈಗಿಟ್ಟಳು. "ನಿಧಾನ. ಗಡಿಬಿಡಿ ಇಲ್ಲ" ಎಂದಳು. ಕರಡಿ ಸಹಿ ಹಾಕದೆ ಏನೋ ಬರೆಯತೊಡಗಿತು. ಕನ್ನಡದ ಅಕ್ಷರಗಳು. ಅವಳು ಹುಬ್ಬೇರಿಸಿ ಓದಿಕೊಂಡಳು. ಪಕ್ಕದಲ್ಲಿದ್ದ ನಾನೂ ಓದಿದೆ.

"ತೊನ್ನಿಗೆ ಕರಡಿಯೇ ಗಂಡ."

ಕರಡಿ ತನ್ನ ತಲೆಯನ್ನು ಎರಡೂ ಕೈಯಿಂದ ಎತ್ತಿ ತೆಗೆಯಿತು. ಒಳಗೆ ಅಪ್ಪ. ಬೆವರಿನಿಂದ ತೊಯ್ದ ಮುಖ, ಬಾಯಿ ತುಂಬ ನಗು. "ಎಂಥ ಸರ್‌ಪ್ರೈಸ್ ಅಲ್ವಾ ವಿಮಲಾ! ಹಾರ ತರಿಸ್ಲಾ?" ಎಂದು ಅವರು ಕೂಗಿದರು. ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದರು. ಹಾಲಿನಲ್ಲಿದ್ದವರೆಲ್ಲ ನಕ್ಕರು. ಅಮ್ಮ ಮೊದಲು ನಕ್ಕಳು, ತಂಗಿಯ ಮುಖ ನೋಡಿ ನಿಲ್ಲಿಸಿದಳು.

ಚಿಕ್ಕಮ್ಮ ಪೆನ್ನಿಗಾಗಿ ಕೈ ಚಾಚಿದಳು. ಅಪ್ಪ ಕೊಟ್ಟರು. ಮುಚ್ಚಳ ಹಾಕಿದಳು. ಪುಟದ ಮೇಲೆ ಉಫ್ ಎಂದು ಊದಿ ಒಣಗಿಸಿದಳು. "ಅಕ್ಷರ ಚಂದ ಉಂಟು ಭಾವ" ಎಂದಳು. ನನ್ನ ಅಪ್ಪನ ಜೊತೆ ಅವಳು ಆಡಿದ ಕೊನೆಯ ಮಾತು ಅದು.

ಕೆಲವೇ ದಿನಗಳಲ್ಲಿ ಅವಳು ಕಲ್ಯಾಣದಾಚೆಯ ಟಿಟ್ವಾಳಾದಲ್ಲಿ ಒಂದು ರೂಮಿನ ಫ್ಲ್ಯಾಟು ನೋಡಿ ಹೋಗಿಬಿಟ್ಟಳು. ಸಾಮಾನು ಸಾಗಿಸಲು ನಾನು ಜೊತೆಗಿದ್ದೆ. ಆ ಪುಟವನ್ನು ಹರಿದು ಬಿಸಾಡು ಎಂದು ನಾನು ಹೇಳಿದಾಗ ಅವಳು, "ಹಿಂದಿನ ಬದಿಯಲ್ಲಿ ಆನೆಯ ಸಹಿ ಉಂಟಲ್ಲ. ಆನೆ ಎಂತ ತಪ್ಪು ಮಾಡಿದೆ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಪಾತ್ರೆ ಜೋಡಿಸುತ್ತಾ, ತನ್ನಷ್ಟಕ್ಕೇ ಹೇಳಿಕೊಂಡಳು: "ಎಲ್ಲ ಬಿಡು. ನಾನು ಅಪ್ಪಿದ್ದು ಅವರನ್ನು. ಅದು ನನಗೆ ಹೇಸಿಗೆ."

ಅವಳು ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಚೌತಿಗೆ, ದೀಪಾವಳಿಗೆ ಬರುತ್ತಿದ್ದಳು, ಅಮ್ಮನ ಜೊತೆ ಅಡುಗೆಮನೆಯಲ್ಲಿ ಹರಟುತ್ತಿದ್ದಳು. ಅಪ್ಪ ಬಂದು ಹಳೆಯ ಧಾಟಿಯಲ್ಲಿ ಕೀಟಲೆ ಮಾಡಿದರೆ ಅವರ ಕಡೆಗೇ ನೋಡುತ್ತಿದ್ದಳು, ಆದರೆ ಕೇಳಿಸದವಳ ಹಾಗೆ. ಸಿಟ್ಟಿಲ್ಲ, ದುಃಖವಿಲ್ಲ, ಉತ್ತರವಿಲ್ಲ. ಮೊದಲು ಅಪ್ಪ ಅದನ್ನೂ ತಮಾಷೆ ಮಾಡಿದರು. ಆಮೇಲೆ ಬೈದರು. ಮುಂದೆ ಒಂದು ವರ್ಷ, "ಅವಳು ಬರುವುದಾದರೆ ನಾನು ಹೋಟೆಲಿನಲ್ಲೇ ಉಣ್ತೇನೆ" ಎಂದು ಚೌತಿಯ ದಿನ ಮನೆ ಬಿಟ್ಟು ಹೋದರು. ಊರನ್ನೆಲ್ಲ ಮಾತಾಡಿಸಿ ಬದುಕಿದ ಮನುಷ್ಯನಿಗೆ ಮರುಮಾತು ಸಿಗದಿರುವುದಕ್ಕಿಂತ ದೊಡ್ಡ ಹೊಡೆತವಿಲ್ಲ ಎಂದು ಚಿಕ್ಕಮ್ಮ ಕಂಡುಕೊಂಡಿದ್ದಳು.

ಪಾರ್ಕುಗಳಿಗೆ ಹೋಗುವುದನ್ನೂ ಬಿಡಲಿಲ್ಲ. ಒಂದು ಮಾತ್ರ ಬದಲಾಯಿತು. ಸಹಿ ಕೇಳುವ ಮೊದಲು ವೇಷದ ಕಣ್ಣಿನ ಜಾಲರಿಯೊಳಗೆ ಇಣುಕಿ, "ಕೌನ್ ಹೈ ಅಂದರ್? ನಾಮ್ ಬೋಲೋ" ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದಳು. ವೇಷದವರು ಮಾತಾಡಬಾರದೆಂದು ನಿಯಮವಿರುತ್ತದೆ. ಅವಳು ಬಿಡುತ್ತಿರಲಿಲ್ಲ. ಒಳಗಿನಿಂದ ಸಣ್ಣ ದನಿಯಲ್ಲಿ ಹೆಸರು ಕೇಳಿ ಬಂದ ಮೇಲೇ ಪೆನ್ನು ಹೊರಗೆ ಬರುತ್ತಿತ್ತು.

ವರ್ಷಗಳು ಹೋದವು. ನಾನು ನವಿ ಮುಂಬೈಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಸೀವುಡ್ಸ್‌ನಲ್ಲಿ ಮನೆ ಮಾಡಿದೆ. ಅಪ್ಪನಿಗೆ ಗಂಟಲಲ್ಲಿ ಗಡ್ಡೆಯಾಯಿತು. ತಂಬಾಕು ಬಿಡದವರು. ಠಾಣೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಪ್ರಾಣ ಉಳಿದೀತು, ಮಾತು ಹೋಯಿತು ಎಂದರು ಡಾಕ್ಟರು. ಕೆಲವೇ ವಾರಗಳಲ್ಲಿ ಪ್ರಾಣವೂ ಉಳಿಯುವುದಿಲ್ಲ ಎಂದು ಗೊತ್ತಾಯಿತು.

ಅಪ್ಪ ಬೇಕು ಬೇಡಗಳನ್ನು ಕಾಗದದ ಮೇಲೆ ಬರೆಯಬೇಕಾಗಿತ್ತು. ಸೂಜಿ ಚುಚ್ಚಿದ ಕೈ ಬಾತುಕೊಂಡಿತ್ತು, ಬೆರಳು ಮಡಚುತ್ತಿರಲಿಲ್ಲ. ಮಲಗಿಕೊಂಡು ಪ್ಯಾಡನ್ನು ಮೇಲೆ ಹಿಡಿದು ಬರೆದರೆ ಬಾಲ್ ಪೆನ್ನಿನಲ್ಲಿ ಶಾಯಿ ಇಳಿಯುತ್ತಿರಲಿಲ್ಲ. ನೀರು ಕೇಳಲಿಕ್ಕೂ ಆಗದೆ ಅವರು ಪೆನ್ನನ್ನು ಗೋಡೆಗೆ ಎಸೆದರು. ಅಮ್ಮ ವರಾಂಡಕ್ಕೆ ಬಂದು ಟಿಟ್ವಾಳಾಕ್ಕೆ ಫೋನು ಮಾಡಿದಳು.

"ಎಷ್ಟು ಬಾತಿದೆ ಕೈ?" ಎಂದು ಮಾತ್ರ ಚಿಕ್ಕಮ್ಮ ಕೇಳಿದಳಂತೆ.

ಮಾರನೆಯ ದಿನವೇ ಬಂದಳು. ಬ್ಯಾಗಿನಿಂದ ಒಂದು ದಪ್ಪ ಸ್ಕೆಚ್ ಪೆನ್ನು ತೆಗೆದಳು. ತಲೆಕೆಳಗಾಗಿ ಹಿಡಿದರೂ ಬರೆಯುವಂಥದ್ದು, ಮೈಗೆ ರಬ್ಬರ್ ಸುತ್ತಿದ್ದು. ಅದನ್ನು ಅಪ್ಪನಿಗೆ ಕೊಡಲಿಲ್ಲ, ನನಗೆ ಕೊಟ್ಟಳು. ನಾನು ಅಪ್ಪನ ಬೆರಳುಗಳ ನಡುವೆ ಇಟ್ಟೆ. ಪೆನ್ನು ನಿಂತಿತು. ಅವರು ತುಂಬ ಹೊತ್ತು ತೆಗೆದುಕೊಂಡು ಬರೆದರು, ಬರೆದದ್ದನ್ನು ಚಿಕ್ಕಮ್ಮನ ಕಡೆಗೆ ತಿರುಗಿಸಿದರು. "ವಿಮಲಾ, ಅವತ್ತು ಮಾಡಿದ್ದು ತಪ್ಪು. ಒಂದು ಮಾತಾಡು."

ಚಿಕ್ಕಮ್ಮ ಪ್ಯಾಡನ್ನು ಕೈಗೆ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿಗೆ ಉಗುಳು ತಾಗಿಸಿ ಅಕ್ಷರಗಳ ಮೇಲೆ ಉಜ್ಜಿದಳು. ನನ್ನ ಕಡೆ ತಿರುಗಿ, "ಹರಡುದಿಲ್ಲ. ಒಳ್ಳೆ ಇಂಕು" ಎಂದಳು. "ಕ್ಯಾಪ್ ಹಾಕ್ಲಿಕ್ಕೆ ಮರೀಬೇಡ ಪುಟ್ಟಿ, ಒಣಗಿ ಹೋಗ್ತದೆ. ನನಗೆ ಟಿಟ್ವಾಳಾ ಗಾಡಿ ಉಂಟು."

ಅವಳು ಬರದೇ ಇದ್ದಿದ್ದರೆ ಅಪ್ಪನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆದರೆ ಅವಳು ಪ್ರತಿ ಭಾನುವಾರ ಬಂದಳು. ಹಾಸಿಗೆಯ ಬಟ್ಟೆ ಬದಲಾಯಿಸಿದಳು, ಗಂಟಲಿನ ನಳಿಗೆಯ ಸುತ್ತ ಒರೆಸಿದಳು, ಅಮ್ಮನನ್ನು ಮನೆಗೆ ಕಳಿಸಿ ತಾನು ಕೂತಳು. ಒಂದು ಪೆನ್ನು ಮುಗಿದರೆ ಇನ್ನೊಂದು ತಂದಳು. ನರ್ಸುಗಳು, ನಿಮ್ಮ ಮೌಶಿಯಂಥವರು ಎಲ್ಲರಿಗೂ ಇರಬೇಕು ಎಂದು ನನ್ನೊಡನೆ ಹೇಳಿದರು. ಅಪ್ಪನ ಕಣ್ಣುಗಳು ಅವಳು ಹೋದಲ್ಲೆಲ್ಲ ಹಿಂಬಾಲಿಸುತ್ತಿದ್ದವು. ಅವರು ಬರೆದು ಬರೆದು ತೋರಿಸುತ್ತಿದ್ದರು. ಅವಳು ಓದಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಸದ ಡಬ್ಬಿಗೆ ಹಾಕಿ, ದಿಂಬು ಸರಿಮಾಡುತ್ತಿದ್ದಳು. ಕೊನೆಕೊನೆಗೆ ಅವರು ಬರೆಯುತ್ತಿದ್ದದ್ದು ಒಂದೇ ಪದ: ಮಾತು. ನಾನು ಅವಳನ್ನು ವರಾಂಡಕ್ಕೆ ಎಳೆದೊಯ್ದು ಬೇಡಿಕೊಂಡೆ. "ಒಂದು ಸಲ ಭಾವ ಅಂತ ಕರಿ ಚಿಕ್ಕಮ್ಮ. ಸಾಕು."

"ನೀನು ಕಲಿತವಳು. ಇದಕ್ಕೆಲ್ಲ ನಡುವೆ ಬರಬೇಡ" ಎಂದಳು, ನನ್ನ ತಲೆ ನೇವರಿಸುತ್ತಾ.

ಅಪ್ಪ ಹೋದರು. ಉತ್ತರಕ್ರಿಯೆ ಮಾಡಿ ಬೊಜ್ಜದ ಊಟ ಮುಗಿದು ನೆಂಟರು ಎದ್ದ ಮೇಲೆ ಅಮ್ಮ ತಂಗಿಯ ಮುಂದೆ ನಿಂತಳು. "ಸಾಯುವವರ ಹತ್ರ ಒಂದು ಮಾತು ಆಡ್ಲಿಕ್ಕೆ ಆಗ್ಲಿಲ್ಲ ಅಲ್ವಾ? ಎಂಥ ಹೆಂಗಸು ನೀನು?"

ಚಿಕ್ಕಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಆಡಿದ್ರೆ ಅವರು ನೆಮ್ಮದಿಯಲ್ಲಿ ಹೋಗ್ತಿದ್ರು ಅಕ್ಕ. ಅದೇ ನನಗೆ ಬೇಡ ಇತ್ತು."

ಅಮ್ಮ ಅವಳ ಕೆನ್ನೆಗೆ ಹೊಡೆದಳು. ಚಿಕ್ಕಮ್ಮ ಹೊಡೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಕ್ಕ ತಂಗಿ ಮತ್ತೆ ಭೇಟಿಯಾಗಲಿಲ್ಲ. ನನಗೂ ಸಿಟ್ಟಿತ್ತು. ಅಪ್ಪನ ಆ ಕಣ್ಣುಗಳು ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತವೆ. ಆದರೂ ಟಿಟ್ವಾಳಾಕ್ಕೆ ಹೋಗುವುದನ್ನು ನಾನು ನಿಲ್ಲಿಸಲಿಲ್ಲ. ಯಾಕೆ ಎಂದು ಕೇಳಿದರೆ, ಅವಳು ಬಾಗಿಲು ತೆರೆದಾಗ ನನ್ನನ್ನು ನೋಡಿ ಅವಳ ಮುಖ ಅರಳುತ್ತಿತ್ತು, ಅಷ್ಟೇ.

ಅಷ್ಟು ಹೊತ್ತಿಗೆ ಅವಳ ಬಿಳುಪು ಮೈಯೆಲ್ಲ ಆವರಿಸಿತ್ತು. ಮೂಲ ಬಣ್ಣದ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಕೂದಲು ನರೆತಿತ್ತು. ಸೀರೆ ಬಿಟ್ಟು ಸಡಿಲ ಕುರ್ತಾ ಹಾಕತೊಡಗಿದ್ದಳು. ಕಲ್ಯಾಣ ಸ್ಟೇಷನ್ನಿನಲ್ಲಿ ರಿಕ್ಷಾದವರು ಫಾರಿನ್ನಿನವಳೆಂದುಕೊಂಡು ಅವಳಿಗೆ "ಮೇಡಂ, ಟ್ಯಾಕ್ಸಿ? ಹೋಟೆಲ್?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಬ್ಯಾಂಕಿನಲ್ಲಿ ಎದ್ದು ಕುರ್ಚಿ ಕೊಡುತ್ತಿದ್ದರು. ಅವಳು ಅದನ್ನೆಲ್ಲ ನನಗೆ ಹೇಳಿ ನಗುತ್ತಿದ್ದಳು: "ಪೂರಾ ಬೆಳ್ಳಗಾಗ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತು ಮಾರಾಯ್ತಿ. ಅರ್ಧದಲ್ಲಿ ನಿಂತದ್ದೇ ನನ್ನ ತಪ್ಪು."

ಒಂದು ಮಳೆಗಾಲದಲ್ಲಿ ಅವಳು ನಿದ್ದೆಯಲ್ಲೇ ತೀರಿಕೊಂಡಳು. ಅದಕ್ಕೆ ಸ್ವಲ್ಪ ಮೊದಲು, ಬೇಸಿಗೆಯಲ್ಲಿ, ನನ್ನ ಮಗಳು ಇರಾಳನ್ನು ಕರೆದುಕೊಂಡು ನಾವು ಮೂವರೂ ಪಾರ್ಕಿಗೆ ಹೋಗಿದ್ದೆವು. ಅದೇ ನಮ್ಮ ಕೊನೆಯ ಭೇಟಿ. ಇರಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. "ನಾನೀ, ಯೇ ವಾಲಾ ಪೆನ್ ಬಹುತ್ ಮೋಟಾ ಹೈ" ಎಂದು ಅವಳು ದೂರಿದರೆ ಚಿಕ್ಕಮ್ಮ, "ನಿನಗಲ್ಲ ಕಣೆ ಅದು, ಹುಲಿಗೆ. ಹುಲಿಯ ಕೈ ನೋಡಿದ್ದೀಯಾ?" ಎಂದು ಪಾಠ ಮಾಡುತ್ತಿದ್ದಳು.

ಹುಲಿಯ ಸಾಲಿನಲ್ಲಿ ನಿಂತಿದ್ದಾಗ ಒಂದು ದೊಡ್ಡ ಸಂಸಾರ ನಮ್ಮ ಹತ್ತಿರ ಬಂತು. ಅವರಲ್ಲಿ ಒಬ್ಬಳು ಮೊಬೈಲು ಹಿಡಿದುಕೊಂಡು ಚಿಕ್ಕಮ್ಮನಿಗೆ, "ಎಕ್ಸ್‌ಕ್ಯೂಸ್ ಮಿ ಮೇಡಂ, ಒನ್ ಸೆಲ್ಫಿ ಪ್ಲೀಸ್? ಯೂ ಫ್ರಮ್ ವಿಚ್ ಕಂಟ್ರಿ?" ಎಂದು ಕೇಳಿದಳು. ಚಿಕ್ಕಮ್ಮ ನನ್ನ ಮುಖ ನೋಡಿ, ಮೊಬೈಲಿನ ಕಡೆಗೆ ತಿರುಗಿ ನಿಂತಳು. ಅವರು ಒಬ್ಬರಾದ ಮೇಲೆ ಒಬ್ಬರು ಬಂದು ಅವಳ ಪಕ್ಕ ನಿಂತರು. ಹೆಗಲಿಗೆ ಕೈ ಹಾಕಿದರು, ಸೊಂಟ ಬಳಸಿದರು, ಕೆನ್ನೆಗೆ ಕೆನ್ನೆ ತಾಗಿಸಿದರು. ಒಬ್ಬ ಅಜ್ಜಿ ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು, "ಕಿತೀ ಗೋರೀ ಆಹೇ" ಎಂದು ಅವಳ ಬಣ್ಣವನ್ನು ಹೊಗಳಿ ಸವರಿದಳು. ಚಿಕ್ಕಮ್ಮ ಅಲುಗದೆ ನಿಂತು ಎಲ್ಲರಿಗೂ ಫೋಟೋ ಕೊಟ್ಟಳು.

ಮೊಬೈಲಿನವಳು "ಥ್ಯಾಂಕ್ಯೂ ಮೇಡಂ" ಎಂದಾಗ ಚಿಕ್ಕಮ್ಮ ಅಪ್ಪಟ ಡೊಂಬಿವಲಿಯ ಮರಾಠಿಯಲ್ಲಿ, ಸಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಮೀ ಇಥಲೀಚ್ ಆಹೇ. ಹಾ ರಂಗ್ ನಾಹೀ, ಕೋಡ್ ಆಹೇ. ಜಾ, ಹಾತ್ ಧುವೂನ್ ಘ್ಯಾ."

ನಾನು ಇಲ್ಲಿಯವಳೇ, ಇದು ಬಣ್ಣವಲ್ಲ, ತೊನ್ನು. ಹೋಗಿ ಕೈ ತೊಳೆದುಕೊಳ್ಳಿ. ಅಜ್ಜಿ ಇನ್ನೂ ಹಿಡಿದೇ ಇದ್ದ ಕೈಗಳನ್ನು ಥಟ್ಟನೆ ಬಿಟ್ಟಳು. ಚಿಕ್ಕಮ್ಮ ಅವಳು ನೀರಿನ ನಲ್ಲಿಯ ಕಡೆಗೆ ಓಡುವುದನ್ನು ಪೂರ್ತಿ ನೋಡಿದಳು, ಆಮೇಲೆ ಇರಾಳ ಕೈ ಹಿಡಿದುಕೊಂಡು ಹುಲಿಯ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದಳು.